ಅಕ್ಕನ ಊರಿನ ಮುಂದೆ ಹಡಗು ನಿಂತಿತ್ತು

ಹೊರಡುವ ಮೊದಲು, ನಾಸಿಕ್

ವಿದೇಶಕ್ಕೆ ಹೋಗಿಬಂದವರನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಏನೇನು ನೋಡಿದಿರಿ? ನಮ್ಮ ಕಾಲೊನಿಯ ಹೆಂಗಸರೂ ಅದನ್ನೇ ಕೇಳಿದರು. ನಾನು ಗಾಳಿಯಂತ್ರ, ಕಾಲುವೆ, ಬಿಳಿ ಗುಡ್ಡ ಎಂದು ಹೇಳುತ್ತ ಹೋದೆ. ಏನು ನೋಡಬೇಕೆಂದು ಹೋಗಿದ್ದಿರಿ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ನಮ್ಮ ಅಕ್ಕನನ್ನು ಎಂದು.

ಅಕ್ಕ ನೀಲಮ್ಮ ಭಾಲ್ಕಿ ಹತ್ತಿರದ ನಮ್ಮ ಊರಿನಿಂದ ಮದುವೆಯಾಗಿ ನೇರ ಸ್ಕಾಟ್ಲೆಂಡಿಗೆ ಹೋದವಳು. ಭಾವ ಅಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರು. ನಾನು ಬ್ಯಾಂಕಿನವರ ಕೈಹಿಡಿದು, ವರ್ಗವಾದ ಕಡೆಗೆಲ್ಲ ಗಂಟುಮೂಟೆ ಹೊತ್ತು ತಿರುಗಿ, ಔರಂಗಾಬಾದಿನಲ್ಲಿ ಬಹಳ ವರ್ಷ ಇದ್ದು, ಕಡೆಗೆ ನಾಸಿಕ್‌ನಲ್ಲಿ ಬೇರು ಬಿಟ್ಟೆ. ಮೊದಮೊದಲು ಅಕ್ಕ ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಿದ್ದಳು. ಭಾವ ತೀರಿಕೊಂಡ ಮೇಲೆ ಅವಳ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿತು. ದೂರದ ವಿಮಾನ ಇನ್ನು ಬೇಡ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು.

ಕೊನೆಯ ಸಲ ಬಂದಾಗ ವೇರೂಳಕ್ಕೆ, ಅದೇ ಎಲ್ಲೋರಾಕ್ಕೆ, ಕರೆದುಕೊಂಡು ಹೋಗಿದ್ದೆ. ಎಲ್ಲರೂ ಕೈಲಾಸ ಗುಡಿಯನ್ನು ಅಂಗಳದಲ್ಲಿ ನಿಂತು ನೋಡಿದರೆ ಇವಳಿಗೆ ಪಕ್ಕದ ಗುಡ್ಡ ಹತ್ತಿ ಮೇಲಿನಿಂದಲೇ ನೋಡಬೇಕು. ಹತ್ತಿದಳು. ಅಲ್ಲಿಂದ ಕೈ ಬೀಸಿ, "ಸಂಗೂ, ನೀ ಇರುವಿ ಹಂಗ ಕಾಣಸ್ಲಕತ್ತಿ!" ಎಂದು ಊರು ಕೇಳುವ ಹಾಗೆ ಕೂಗಿದಳು. ಸುತ್ತಲಿನ ಜನ ನನ್ನ ಮುಖ ನೋಡಿ ನಕ್ಕರು. ಅವಳನ್ನು ನೆನೆದಾಗಲೆಲ್ಲ ನನಗೆ ಮೊದಲು ಕೇಳುವುದು ಆ ಕೂಗೇ.

ನಮ್ಮ ಬಳಗದಲ್ಲಿ ಒಂದು ರೂಢಿ ಇದೆ. ಔರಂಗಾಬಾದಿನಲ್ಲಿದ್ದಾಗ ಬೀದರ ಕಡೆಯಿಂದ ಮುಂಬೈಗೆ ಹೋಗುವವರು ಯಾರೇ ಇರಲಿ, ರೈಲು ನಮ್ಮ ಊರು ಹಾಯುವ ಹೊತ್ತಿಗೆ ನಾವು ಬುತ್ತಿ ಕಟ್ಟಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಿಂತಿರಬೇಕು. ರೈಲು ನಿಂತಷ್ಟು ಹೊತ್ತಿನಲ್ಲಿ ಕಿಟಕಿಯ ಸರಳಿನ ಮಧ್ಯೆಯೇ ಬುತ್ತಿ, ಮಾತು, ಅಳು, ಯಾರದೋ ಮದುವೆಯ ಸುದ್ದಿ ಎಲ್ಲ ಮುಗಿಯಬೇಕು. ಯಾರ ಊರು ಬರುತ್ತದೋ ಅವರೇ ಸ್ಟೇಶನ್ನಿಗೆ ಬರುವುದು. ಬಂದವರು ರೈಲು ಕಣ್ಮರೆಯಾಗುವ ತನಕ ಪ್ಲಾಟ್‌ಫಾರ್ಮ್ ಬಿಟ್ಟು ಕದಲಬಾರದು. ನಮ್ಮ ಅವ್ವ ಇದನ್ನು ನಮ್ಮಿಬ್ಬರ ತಲೆಗೂ ಚೆನ್ನಾಗಿ ತುಂಬಿದ್ದಳು. ಒಮ್ಮೆ ನಮ್ಮವರು ಬ್ಯಾಂಕಿನ ಕೆಲಸವಿದೆ ಎಂದು ಸಿಗ್ನಲ್ ಬೀಳುವ ಮೊದಲೇ ಹೊರಟುಬಿಟ್ಟರು. ಆ ಮಾತು ಇವತ್ತಿಗೂ ಮದುವೆ ಮನೆಗಳಲ್ಲಿ ಸುತ್ತಾಡುತ್ತಿದೆ.

ಹೀಗಿರುವಾಗ ನಮ್ಮವರ ನಿವೃತ್ತ ಗೆಳೆಯರ ಗುಂಪು ಹಡಗಿನ ಪ್ರವಾಸ ನಿಶ್ಚಯಿಸಿತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಹತ್ತಿ ಅಲ್ಲಿಯೇ ಇಳಿಯುವುದು, ನಡುವೆ ಬೆಲ್ಜಿಯಂ, ಇಂಗ್ಲೆಂಡಿನ ಡೋವರ್, ಸ್ಕಾಟ್ಲೆಂಡ್, ನಾರ್ವೆ. ಗೋದಾವರಿಗೆ ಮಹಾಪೂರ ಬಂದರೆ ಮನೆಯ ಬಾಗಿಲು ಹಾಕಿಕೊಂಡು ಕೂಡುವ ಹೆಂಗಸು ನಾನು. ಒಲ್ಲೆ ಎನ್ನುವವಳೇ ಇದ್ದೆ. ಆದರೆ ನಿಲ್ದಾಣಗಳಲ್ಲಿ ಎಡಿನ್‌ಬರೊ ಎಂದಿತ್ತು. ಹಡಗು ನಿಲ್ಲುವ ಕಡಲ ತೋಳಿನ ಈ ದಂಡೆಗೆ ಅದು, ಆ ದಂಡೆಗೆ ಅಕ್ಕನ ಊರು. ಅವತ್ತೇ ಫೋನ್ ಮಾಡಿದೆ.

"ಅಕ್ಕಾ, ನಮ್ಮ ಹಡಗ ನಿನ್ನ ಊರ ಮುಂದ ನಿಲ್ತದ. ಇಡೀ ದಿನಾ!"

ಅವಳು ಕೂಡಲೇ, "ಡೋವರ್‌ದಾಗೂ ನಿಲ್ತದಲ್ಲ? ಮಗಳಿಗಿ ರಜಾ ಹಾಕಸ್ತೀನಿ, ಅಲ್ಲಿಗೂ ಬರ್ತೀನಿ. ಒಂದರ ಬದಲಿ ಎರಡು ಸಲ ಸಿಗ್ತಿ" ಎಂದಳು.

"ಆ ಕಾಲು ಇಟ್ಕೊಂಡು ಅಷ್ಟು ದೂರ ಕಶಾಲಾ ಬರ್ತಿ? ನಿನ್ನ ಸ್ಟೇಶನ್‌ಕೇ ನಾವು ಬರ್ಲಕತ್ತೀವಿ. ನೀ ಬುತ್ತಿ ತಗೊಂಡು ಬಾ, ಸಾಕು."

"ಕಶಾಲಾ ಅಲ್ಲ, ಯಾಕ ಅನ್ನು. ನಿನ್ನ ಕನ್ನಡದಾಗ ಅರ್ಧ ಮರಾಠಿ ಕುಂತದ" ಎಂದು ನಕ್ಕಳು. ಅಷ್ಟು ವರ್ಷ ಇಂಗ್ಲಿಷಿನ ನಡುವೆ ಇದ್ದರೂ ಅವಳ ಮಾತು ಅವ್ವನ ಮಾತಿನಂತೆಯೇ ಇತ್ತು. ಬೀದರಿನಿಂದ ಒಂದು ರಾತ್ರಿಯ ದಾರಿಯಲ್ಲಿದ್ದ ನಾನೇ ಕಲಬೆರಕೆಯಾಗಿದ್ದೆ.

ಏನು ತರಲಿ ಎಂದರೆ ಅವಳು ಕೇಳಿದ್ದು ಒರಳಿನಲ್ಲಿ ಕುಟ್ಟಿದ ಶೇಂಗಾ ಹಿಂಡಿ ಮತ್ತು ಖಡಕ್ ರೊಟ್ಟಿ. "ಜ್ವಾಳದ ಹಿಟ್ಟು ಇಲ್ಲೂ ಸಿಗ್ತದ. ಆದ್ರ ಇಲ್ಲಿನ ಹವಾಕ್ಕ ರೊಟ್ಟಿ ಮೆತ್ತಗ ಆಗ್ತದ. ಕಟುಮ್ ಅನ್ನೋ ರೊಟ್ಟಿ ತಿಂದು ಯಾವ ಕಾಲ ಆಯ್ತೋ!"

ಆಮ್‌ಸ್ಟರ್‌ಡ್ಯಾಮ್

ಹಡಗು ಹತ್ತುವವರಿಗೆ ನನ್ನ ಮೊದಲ ಬುದ್ಧಿಮಾತು: ಗುಳಿಗೆ, ಒಂದು ಜತೆ ಬಟ್ಟೆ, ನಿಮ್ಮ ಜೀವ ಯಾವುದರಲ್ಲಿದೆಯೋ ಅದು, ಇಷ್ಟನ್ನೂ ಕೈಚೀಲದಲ್ಲಿಯೇ ಇಟ್ಟುಕೊಳ್ಳಿ. ಬಂದರಿನ ಬಾಗಿಲಲ್ಲಿಯೇ ಪೆಟ್ಟಿಗೆಗಳನ್ನು ಇಸಿದುಕೊಂಡು ಒಯ್ಯುತ್ತಾರೆ. ಅವು ಕೋಣೆಯ ಮುಂದೆ ಪ್ರತ್ಯಕ್ಷವಾಗುವುದು ಸಂಜೆಗೆ. ನಮ್ಮವರ ಸಕ್ಕರೆ ಕಾಯಿಲೆಯ ಗುಳಿಗೆ ಪೆಟ್ಟಿಗೆಯಲ್ಲಿ ಹೋಯಿತು. ನನ್ನ ರೊಟ್ಟಿ ಡಬ್ಬಿ ನನ್ನ ತೊಡೆಯ ಮೇಲೆಯೇ ಇತ್ತು. "ಗಂಡನ ಗುಳಿಗಿಕ್ಕಿಂತ ಅಕ್ಕನ ರೊಟ್ಟಿ ಹೆಚ್ಚಾಯ್ತೇನು?" ಎಂದು ಸಂಜೆವರೆಗೂ ಗೊಣಗಿದರು.

ಡಬ್ಬಿಯನ್ನು ತಪಾಸಣೆಯವರು ಸುಮ್ಮನೆ ಬಿಡಲಿಲ್ಲ. ಒಬ್ಬ ಎತ್ತರದ ಮನುಷ್ಯ ರೊಟ್ಟಿಯೊಂದನ್ನು ಎತ್ತಿ, ಬೆರಳಿನಿಂದ ಬಡಿದು, ಜೊತೆಯವನ ಕಿವಿಯ ಹತ್ತಿರ ಇನ್ನೊಮ್ಮೆ ಬಡಿದು ತೋರಿಸಿದ. ಇಬ್ಬರೂ ತಲೆಯಾಡಿಸಿ ಒಳಗೆ ಬಿಟ್ಟರು. ಆದರೆ ನಮ್ಮವರು ಚಹಾಕ್ಕೆಂದು ಬಟ್ಟೆಯ ಮಡಿಕೆಯಲ್ಲಿ ಬಚ್ಚಿಟ್ಟಿದ್ದ ನೀರು ಕಾಯಿಸುವ ಕಾಯಿಲ್ ಸಿಕ್ಕಿಬಿತ್ತು. ಹಡಗಿನಲ್ಲಿ ಬೆಂಕಿಗೆ ಬಹಳ ಹೆದರುತ್ತಾರೆ. ಇಳಿಯುವ ದಿನ ಕೊಡುತ್ತೇವೆ ಎಂದು ಚೀಟಿ ಕಟ್ಟಿ ಇಟ್ಟುಕೊಂಡರು. ಜೀವಮಾನವೆಲ್ಲ ಬೇರೆಯವರ ಒಡವೆ ಒತ್ತೆಯಿಟ್ಟುಕೊಂಡ ಮನುಷ್ಯನ ಮುಖ ಆಗ ನೋಡಬೇಕಿತ್ತು.

ಹಡಗೆಂದರೆ ನಾನು ಓಲಾಡುವ ದೋಣಿಯನ್ನು ಕಲ್ಪಿಸಿಕೊಂಡಿದ್ದೆ. ಇದು ನೀರಿನ ಮೇಲೆ ನಿಲ್ಲಿಸಿದ ಮಹಡಿ ಮನೆಗಳ ಓಣಿ. ಮೇಲಿನ ಅಟ್ಟದಲ್ಲಿ, ಡೆಕ್ ಎನ್ನುತ್ತಾರೆ ಅದಕ್ಕೆ, ಬಿಸಿಲಿಗೆ ಒರಗುವ ಕುರ್ಚಿಗಳಿದ್ದವು. ದೊರೆಸಾನಿಯರು ಬೆಳಕು ಹರಿಯುವುದರೊಳಗೆ ಬಂದು ಅವುಗಳ ಮೇಲೆ ಟವೆಲ್ ಹಾಸಿ, ತಿಂಡಿಗೆ ಹೋಗಿಬಿಡುತ್ತಿದ್ದರು. ನಮ್ಮ ಚಾಂದವಡ್ ಬಸ್ಸಿಗೆ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವವರು ನೆನಪಾದರು. ಒಂದೇ ವ್ಯತ್ಯಾಸ, ಇಲ್ಲಿ ಟವೆಲ್ ತೆಗೆದು ಕೂತರೂ ಯಾರೂ ಜಗಳಕ್ಕೆ ಬರುವುದಿಲ್ಲ. ಎದುರು ನಿಂತು ನೋಡುತ್ತಾರೆ, ಅಷ್ಟೇ. ಆ ನೋಟಕ್ಕಿಂತ ಜಗಳವೇ ವಾಸಿ.

ಬ್ರೂಜ್

ಬೆಲ್ಜಿಯಂನ ಈ ಊರು ಬಂದರಿನಿಂದ ಒಳಗಿದೆ. ಕಾಲುವೆ, ಇಟ್ಟಿಗೆಯ ಮನೆ, ಕಿಟಕಿಯಲ್ಲಿ ಕಸೂತಿಯ ಪರದೆ. ಒಬ್ಬ ಮುದುಕಿ ಬಾಗಿಲ ಬಳಿ ಕುಳಿತು ದಾರದ ಕಡ್ಡಿಗಳನ್ನು ಅತ್ತಿತ್ತ ಎಸೆಯುತ್ತ ಜಾಳಿಗೆ ಹೆಣೆಯುತ್ತಿದ್ದಳು. ಪಕ್ಕದಲ್ಲಿ ಅವಳಂಥದೇ ಮೂಗಿನ ಇನ್ನೊಬ್ಬ ಮುದುಕಿ ಸುಮ್ಮನೆ ಕುಳಿತು ಬಟಾಟೆ ಸುಲಿಯುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ದಿನಾ ಸಿಗುವವರಿಗೆ ಮಾತಿನ ಅವಸರವಿರುವುದಿಲ್ಲ. ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಗುಂಪಿನವರು ಚಾಕೊಲೇಟ್ ಕೊಳ್ಳುತ್ತಿದ್ದಾಗ ನಾನು ಅಲ್ಲಿಯೇ ನಿಂತಿದ್ದೆ. ಅಕ್ಕನ ಜೊತೆ ಹೀಗೆ ಮಾತಿಲ್ಲದೆ ಕುಳಿತು ಒಂದು ಹೊತ್ತಿನ ತರಕಾರಿ ಹೆಚ್ಚಿ ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಲು ಹೋಗಿ, ಬೇಡವೆಂದು ಬಿಟ್ಟೆ.

ಡೋವರ್

ಬ್ರಿಟನ್ನಿನ ವೀಸಾ ಬೇರೆ, ಯುರೋಪಿನದು ಬೇರೆ. ಯುರೋಪಿನ ವೀಸಾ ಒಂದೇ ಸಲ ಒಳಗೆ ಬಿಡುವಂಥದ್ದಾಗಿದ್ದರೆ ಬ್ರಿಟನ್ ನೋಡಿ ತಿರುಗಿ ಬರುವಾಗ ಫಜೀತಿ. ನಮ್ಮವರು ಇದನ್ನು ನಾಸಿಕ್‌ನಲ್ಲಿಯೇ ಹತ್ತು ಸಲ ನೋಡಿಕೊಂಡಿದ್ದರು. ಒಂದು ಸಹಿ ಹೆಚ್ಚು ಕಡಿಮೆಯಾದರೂ ಸಾಲ ತಡೆಹಿಡಿದ ಕೈ ಅದು. ಆದರೆ ಅವರೂ ಕೇಳದ, ನಾನೂ ಕೇಳದ ಪ್ರಶ್ನೆ ಒಂದಿತ್ತು. ಅದು ಗೊತ್ತಾದದ್ದು ಡೋವರ್‌ನ ಬಿಳಿ ಗುಡ್ಡಗಳ ಕೆಳಗೆ.

ನಮ್ಮ ಗುಂಪನ್ನು ನಡೆಸುತ್ತಿದ್ದವಳು ಸುನಂದಾ ಎಂಬ ನಾಸಿಕ್‌ನ ಮರಾಠಿ ಹೆಣ್ಣುಮಗಳು. ಇಂಥ ಪ್ರವಾಸಗಳಲ್ಲಿ ಪಳಗಿದವಳು. ಎಲ್ಲರಿಗೂ ನಾನು ಕಾಕೂ, ಅಂದರೆ ಚಿಕ್ಕಮ್ಮ, ಅವಳಿಗೂ ಕಾಕೂ. ನಾಡಿದ್ದು ನಮ್ಮ ಅಕ್ಕ ಹಡಗಿಗೆ ಬರುತ್ತಾಳೆ, ನಮ್ಮ ಕೋಣೆಯಲ್ಲಿಯೇ ಊಟ, ಒಂದು ಚಾಪೆಯಂಥದ್ದು ಸಿಗುತ್ತದೆಯೇ ಎಂದು ಅವಳನ್ನು ಕೇಳಿದೆ.

ಅವಳು ನನ್ನನ್ನೇ ನೋಡಿದಳು. "ಕಾಕೂ, ಹೊರಗಿನವರಿಗೆ ಹಡಗಿನಾಗ ಬಿಡಂಗಿಲ್ಲ" ಎಂದಳು. ಅವಳಿಗೆ ನಮ್ಮ ಕನ್ನಡ ಅಷ್ಟಿಷ್ಟು ಬರುತ್ತಿತ್ತು.

"ಪ್ಲಾಟ್‌ಫಾರ್ಮ್ ತಿಕೀಟು ತಗೊಂಡ್ರೂ?"

"ಪ್ಲಾಟ್‌ಫಾರ್ಮೇ ಇಲ್ಲ, ಕಾಕೂ. ಅಲ್ಲಿ ಹಡಗು ದಂಡಿಗೆ ಹತ್ತಂಗಿಲ್ಲ. ನಡುನೀರಿನಾಗ ಲಂಗರು ಹಾಕ್ತದ. ಸಣ್ಣ ಬೋಟಿನಾಗ ಕೂಡಿಸಿ ನಮ್ಮನ್ನ ದಂಡಿಗೆ ಮುಟ್ಟಸ್ತಾರ. ತುಮ್ಹೀ ಕಾಳಜಿ ಕರೂ ನಕಾ, ಚಿಂತಿ ಮಾಡಬ್ಯಾಡ್ರಿ, ನೀವೇ ಇಳಿದು ಹೋಗಿ ಭೇಟಿ ಆಗ್ರಿ."

ಹಾಗಾದರೆ ನಾನೇ ಇಳಿಯುವುದು. ಅದಕ್ಕೇನು? ಇನ್ನೂ ಒಳ್ಳೆಯದು, ಅಕ್ಕನ ಕಾಲಿಗೆ ಏಣಿ ಹತ್ತುವ ಕಷ್ಟ ತಪ್ಪಿತು. ಅವತ್ತು ಊರು ಸುತ್ತದೆ ಬಂದರಿನ ಬೆಂಚಿನ ಮೇಲೆ ಕುಳಿತುಬಿಟ್ಟೆ. ಪಕ್ಕದ ಬೆಂಚು ಖಾಲಿ ಇತ್ತು. ಬರುತ್ತೇನೆ ಎಂದಿದ್ದಳಲ್ಲ, ಇಲ್ಲಿಗೂ ಬಾ ಎಂದಿದ್ದರೆ ಈ ಹೊತ್ತಿಗೆ ಇಲ್ಲಿ ಕೂತಿರುತ್ತಿದ್ದಳು ಎಂದು ಅನ್ನಿಸಿತು.

ನಡುನೀರು

ಡೋವರ್ ಬಿಟ್ಟ ಎರಡನೆಯ ಬೆಳಿಗ್ಗೆ ಎದ್ದು ನೋಡಿದರೆ ಹಡಗು ಎಡಿನ್‌ಬರೊ ಮುಂದೆ ನಿಂತಿತ್ತು. ಎದುರಿಗೆ ಕಡಲ ತೋಳಿನ ಈ ದಂಡೆಯಿಂದ ಆ ದಂಡೆಗೆ ಕೆಂಪು ಕಬ್ಬಿಣದ ದೊಡ್ಡ ರೈಲು ಸೇತುವೆ. ಅದರ ಎಡತುದಿಯ ಬುಡದಲ್ಲಿ ಕಲ್ಲಿನ ಕಟ್ಟೆ. ಬೋಟುಗಳು ಹೋಗಿ ನಿಲ್ಲುವುದು ಅಲ್ಲಿಗೇ ಎಂದು ಸುನಂದಾ ತೋರಿಸಿದಳು. ನಾನು ಸ್ನಾನ ಮಾಡಿ ಇಳಕಲ್ ಸೀರೆ ಉಟ್ಟೆ. ನಮ್ಮವರು ಲಿಂಗಪೂಜೆ ಬೇಗ ಮುಗಿಸಿದರು. ನೀಲಕ್ಕನ ಮುಂದೆ ಚೆನ್ನಾಗಿ ಕಾಣಬೇಕೆಂದು ಟೈ ಕಟ್ಟುತ್ತಿದ್ದರು. ಅಷ್ಟರಲ್ಲಿ ಫೋನ್ ಬಂತು.

"ಸಂಗೂ, ನಾ ಸೇತುವಿ ಮ್ಯಾಲಿದ್ದೀನಿ! ರೈಲಿನಾಗ. ಎಡಗಡಿ ಕಿಟಕಿಯಾಗ ನಿಮ್ಮ ಹಡಗ ಕಾಣಸ್ಲಕತ್ತದ. ಯವ್ವಾ, ಎಷ್ಟು ದೊಡ್ಡದದ! ನೀ ಎಲ್ಲಿದ್ದಿ ಅದರಾಗ?"

ನಾನು ಅಟ್ಟಕ್ಕೆ ಓಡಿದೆ. ಸೇತುವೆಯ ಮೇಲೆ ರೈಲೊಂದು ಹುಳುವಿನ ಹಾಗೆ ಸರಿಯುತ್ತಿತ್ತು. ಅದರಲ್ಲಿ ನಮ್ಮ ಅಕ್ಕ. ಕೈ ಬೀಸಿದೆ. ಎಷ್ಟೋ ವರ್ಷದ ಮೇಲೆ ನಾವಿಬ್ಬರೂ ಒಂದೇ ಗಾಳಿಯಲ್ಲಿದ್ದೆವು. ನನಗೆ ಅಳು ತಡೆಯಲಾಗಲಿಲ್ಲ.

ಆದರೆ ಆ ಗಾಳಿಯೇ ಬಲವಾಯಿತು. ಕೆಳಗೆ ಇಳಿಸಿದ್ದ ಮೊದಲ ಬೋಟು ಹಡಗಿನ ಮೈಗೆ ಡಿಕ್ಕಿ ಹೊಡೆಯುತ್ತ ಏಳುಬೀಳು ಮಾಡುತ್ತಿತ್ತು. ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಮೇಲಿನ ಧ್ವನಿಪೆಟ್ಟಿಗೆಯಲ್ಲಿ ಕಪ್ತಾನ ಏನೋ ಹೇಳಿದ. ಸಾಲಿನವರೆಲ್ಲ ನಿಟ್ಟುಸಿರು ಬಿಟ್ಟು ತಿರುಗಿದರು. ನಾನೊಬ್ಬಳೇ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದೆ.

"ಗಾಳಿ ಕಡಿಮಿ ಆಗೋತನಕ ಬೋಟು ಬಿಡಂಗಿಲ್ಲಂತ, ಕಾಕೂ" ಎಂದಳು ಸುನಂದಾ.

ನಮ್ಮವರು ನನ್ನನ್ನು ಕರೆದುಕೊಂಡು ಸೀದಾ ಹಡಗಿನ ಕಚೇರಿಗೆ ನಡೆದರು. ಟೈ ಸರಿಮಾಡಿಕೊಂಡು, ನಾನೂ ಶಾಖೆ ನಡೆಸಿದವನು, ಒಂದು ಬೋಟು, ಒಬ್ಬಳೇ ಹೆಂಗಸು, ಏನಾದರೂ ಮಾಡಿ ಎಂದು ಕೇಳಿದರು. ಅಲ್ಲಿದ್ದ ಹೆಣ್ಣುಮಗಳು ಎದ್ದುನಿಂತು, ನನ್ನ ಕೈ ಹಿಡಿದು, ಆಗುವುದಿಲ್ಲ ಎಂದಳು. ಬ್ಯಾಂಕಿನಲ್ಲಿ ಇವರು ಎಷ್ಟು ಜನರಿಗೆ ಆ ಮಾತು ಹೇಳಿದ್ದರೋ! ಅವತ್ತು ಬೇರೆಯವರ ಬಾಯಿಂದ ಕೇಳಿ ಸುಮ್ಮನೆ ಬಂದು ನನ್ನ ಪಕ್ಕದಲ್ಲಿ ಕುಳಿತರು.

ಅಕ್ಕ ಕಟ್ಟೆಗೆ ಬಂದು ಮುಟ್ಟಿದ್ದಳು. ಫೋನಿನಲ್ಲಿ ಬೋಟು ನಿಂತದ್ದು ಹೇಳಿದೆ. "ಇರ್ಲಿ ತಗೋ. ಇಲ್ಲಿ ಗಾಳಿ ಹಿಂಗೇ, ಬರ್ತದ, ಹೋಗ್ತದ. ಮಗಳು ಡ್ಯೂಟಿಗಿ ಹೋಗ್ಯಾಳ, ನಂಗೇನು ಅವಸರ? ಬೆಂಚಿನ ಮ್ಯಾಲ ಕುಂತೀನಿ" ಎಂದಳು. ಹಕ್ಕಿ ನೋಡುತ್ತಿದ್ದ ಒಬ್ಬ ಜರ್ಮನ್ ಮುದುಕ ನನ್ನ ಅವಸ್ಥೆ ಕಂಡು ತನ್ನ ದುರ್ಬೀನು ಕೊಟ್ಟ. ನೀಲಿ ಕೋಟು ಹಾಕೀನಿ ಎಂದಿದ್ದಳು. ಕಟ್ಟೆಯ ಮೇಲೆ ನೀಲಿ ಕೋಟು ಮೂರಿದ್ದವು. ಮೂರೂ ಚುಕ್ಕೆಗಳು. ಹಡಗು ಅಲುಗಿದಾಗೊಮ್ಮೆ ಮೂರೂ ಕಲಸಿಹೋಗುತ್ತಿದ್ದವು.

"ನಿನ್ನ ಕೈ ಎತ್ತು, ಅಕ್ಕಾ."

"ಎತ್ತೀನಿ."

ಇಬ್ಬರು ಕೈ ಎತ್ತಿದ ಹಾಗೆ ಕಂಡಿತು. ಅವರವರ ಮಂದಿಗೆ ಅವರವರು ಬೀಸುತ್ತಿದ್ದರೇನೋ. "ಕಂಡಿ" ಎಂದು ಸುಳ್ಳು ಹೇಳಿದೆ.

ಮಧ್ಯಾಹ್ನ ಕಪ್ತಾನನ ಧ್ವನಿ ಮತ್ತೆ ಬಂತು. ಇನ್ನು ಬೋಟು ಬಿಡುವುದೇ ಇಲ್ಲ. ಹಡಗು ಹೇಳಿದ ಹೊತ್ತಿಗೆ ಮುಂದೆ ಹೊರಡುತ್ತದೆ. ದಯವಿಟ್ಟು ಒಳಗೆ ನಡೆಯುವ ಸಂಗೀತ ಕಾರ್ಯಕ್ರಮಕ್ಕೆ ಬನ್ನಿ.

ಫೋನ್ ಮತ್ತೆ ಕಿವಿಗೆ ಹಿಡಿದೆ. ಅವಳೇ ಕೇಳಿದಳು. "ಬರಂಗಿಲ್ಲ, ಹೌದಿಲ್ಲೋ?"

"ಇಲ್ಲ ಅಕ್ಕಾ."

"ಊಟ ಮಾಡಿದಿಯೇನು?" ಎಂದಳು.

"ನಿನ್ನ ಬಿಟ್ಟು ಹ್ಯಾಂಗ ಮಾಡ್ಲಿ?"

"ಹಂಗಾದ್ರ ಡಬ್ಬಿ ಬಿಚ್ಚು. ನಾನೂ ಬಿಚ್ಚತೀನಿ."

ಅಟ್ಟದ ಮೂಲೆಯಲ್ಲಿ ಟವೆಲ್ ಹಾಸಿದ್ದ ಕುರ್ಚಿಯೊಂದರ ಮೇಲೆ, ಯಾರು ಬೇಕಾದರೂ ನೋಡಲಿ ಎಂದು ಕುಳಿತೆ. ಅವಳು ಮಾದಲಿ ಮಾಡಿ ತಂದಿದ್ದಳು. ಗೋಧಿ, ಬೆಲ್ಲ, ಗಸಗಸೆಯ ಸಿಹಿ. ದೂರದ ದಾರಿಗೆ ಅವ್ವ ಅದನ್ನೇ ಕಟ್ಟುತ್ತಿದ್ದಳು. "ಮ್ಯಾಲ ತುಪ್ಪ ಹಾಕೀನಿ. ನಿನ್ನ ಪಾಲಿಂದು ಬಾಜೂಕ ಇಟ್ಟೀನಿ" ಎಂದಳು. ನಾನು ರೊಟ್ಟಿ ಮುರಿದು ಹಿಂಡಿ ಹಚ್ಚಿದೆ.

"ಏನದು ಸಪ್ಪಳ? ರೊಟ್ಟಿ ಮುರದಿ?"

"ಹೂಂ."

"ಇನ್ನೊಮ್ಮಿ ಮುರಿ."

ಫೋನಿನ ಹತ್ತಿರ ಹಿಡಿದು ಇನ್ನೊಂದು ಮುರಿದೆ. ಕಟುಮ್ ಎಂದಿತು. "ಇನ್ನೊಂದು" ಎಂದಳು. ಹೀಗೆ ಅವಳಿಗೆಂದು ತಂದ ರೊಟ್ಟಿಗಳನ್ನು ಒಂದೊಂದಾಗಿ ಅವಳ ಕಿವಿಗೆ ಮುರಿದುಕೊಟ್ಟೆ. ನಮ್ಮವರು ಎದ್ದು ಹಡಗಿನ ಅಂಚಿನ ಕಂಬಿಯ ಬಳಿ ಹೋಗಿ ಆ ಕಡೆ ಮುಖ ಮಾಡಿ ನಿಂತರು. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಅವರ ಭುಜ ಅಲುಗಿದ್ದು ಅವತ್ತು ಮೊದಲ ಸಲ ನೋಡಿದೆ.

ಮಳೆಯ ಹನಿ ಶುರುವಾಯಿತು. ನನಗೆ ಅವಳ ಕಾಲಿನ ಚಿಂತೆ. "ಅಕ್ಕಾ, ಥಂಡಿಯಾಗ ಕುಂದರಬ್ಯಾಡ. ಇನ್ನ ಮನಿಗಿ ಹೋಗು. ನನ್ನ ಆಣಿ ಅದ" ಎಂದೆ.

"ಹೋಗ್ತೀನಿ, ಹೋಗ್ತೀನಿ. ಬಲಗಡಿ ಕಿಟಕಿಗಿ ಕುಂದರ್ತೀನಿ. ಸೇತುವಿ ಮ್ಯಾಲ ಬಂದಾಗ ಕೈ ಮಾಡ್ತೀನಿ, ನೀನೂ ಮಾಡು."

"ಯಾವ ರೈಲಿಗಿ?" ಎಂದು ಕೇಳುವಷ್ಟರಲ್ಲಿ ಫೋನ್ ಸತ್ತುಹೋಯಿತು. ಬೆಳಿಗ್ಗೆಯಿಂದ ಹಿಡಿದೇ ಇದ್ದೆ, ಚಾರ್ಜು ಮುಗಿದಿತ್ತು. ಕೆಳಗೆ ಕೋಣೆಗೆ ಹೋಗಿ ಹಚ್ಚೋಣವೆಂದರೆ ಆ ಹೊತ್ತಿನಲ್ಲಿಯೇ ರೈಲು ಬಂದರೆ? ಹೋಗಲಿಲ್ಲ. ಸೇತುವೆಯ ಕಡೆ ಮುಖ ಮಾಡಿ, ಕೆಂಪು ಸೆರಗು ಬಿಚ್ಚಿ ಹಿಡಿದು ನಿಂತೆ.

ಅಲ್ಲಿ ರೈಲುಗಳು ಬಹಳ. ಒಂದು ಬಂತು, ಬೀಸಿದೆ. ಇನ್ನೊಂದು ಬಂತು, ಬೀಸಿದೆ. "ಅದು ಈ ಕಡೆ ಬರೋ ರೈಲು, ಸಂಗಮ್ಮ. ನೀಲಕ್ಕನವರು ಹೋಗೋದು ಆ ಕಡೆ" ಎಂದರು ನಮ್ಮವರು. ಇರಲಿ ಎಂದು ಅದಕ್ಕೂ ಬೀಸಿದೆ. ಆಮೇಲೆ ಅವರೂ ಟೈ ಬಿಚ್ಚಿ ಬೀಸತೊಡಗಿದರು. ಜರ್ಮನ್ ಮುದುಕ ಏನೆಂದು ತಿಳಿದನೋ, ತನ್ನ ಟೊಪ್ಪಿಗೆ ಎತ್ತಿದ. ಹಡಗು ಲಂಗರು ಎತ್ತಿ ನಿಧಾನ ತಿರುಗಿ, ಸೇತುವೆ ಬೆನ್ನ ಹಿಂದೆ ಸಣ್ಣದಾಗುವ ತನಕ ಒಂದು ರೈಲನ್ನೂ ಬಿಡಲಿಲ್ಲ. ಯಾವುದೋ ಒಂದರಲ್ಲಿ ಇದ್ದಳಲ್ಲ, ನೋಡಿದಳಲ್ಲ ಎಂಬ ಸಮಾಧಾನದಲ್ಲಿ ಕೆಳಗಿಳಿದೆ.

ಬರ್ಗೆನ್

ನಾರ್ವೆಯಲ್ಲಿ ಹಡಗು ದಂಡೆಗೆ ತಾಗಿಯೇ ನಿಂತಿತು. ಇಳಿದು ನಾಲ್ಕು ಹೆಜ್ಜೆ ನಡೆದರೆ ಊರು. ಅಷ್ಟು ಸಲೀಸಾಗಿ ಇಳಿದದ್ದಕ್ಕೇ ನನಗೆ ಸಿಟ್ಟು ಬಂತು. ಮೀನಿನ ಪೇಟೆಯ ಪಕ್ಕ ಒಂದು ಮೂಲೆ ಹುಡುಕಿ ಅಕ್ಕನಿಗೆ ಫೋನ್ ಹಚ್ಚಿದೆ. ಅವಳ ದನಿ ನೆಗಡಿಯಿಂದ ದಪ್ಪವಾಗಿತ್ತು.

"ಯಾವ ರೈಲಿನಾಗ ಇದ್ದಿ ಅಕ್ಕಾ? ನಾ ಎಲ್ಲಾಕ್ಕೂ ಕೈ ಮಾಡ್ದೆ."

"ನಾ ರೈಲು ಹತ್ತೇ ಇಲ್ಲ."

"ಮತ್ತ?"

"ಕಟ್ಟಿ ಮ್ಯಾಲೇ ನಿಂತಿದ್ದೆ. ನಿಮ್ಮ ಹಡಗ ಕಣ್ಣಿಗಿ ಕಾಣೋದು ಬಂದಾಗೋತನಕ. ನೀ ಸೇತುವಿ ಕಡಿ ನೋಡ್ಲಕತ್ತಿದ್ದಿ, ಕೆಂಪು ಸೆರಗು ಕಂಡಿತು ನಂಗ. ಇರುವಿ ಹಂಗ, ಆದ್ರ ಕಂಡಿ."

"ಆಣಿ ಹಾಕಿದ್ದೆನಲ್ಲ ಅಕ್ಕಾ, ಹೋಗು ಅಂತ. ಹೋಗ್ತೀನಿ ಅಂದಿದ್ದಿ."

"ಹುಚ್ಚಿ" ಎಂದಳು ಅಕ್ಕ. "ಗಾಡಿ ಬಿಡೋಕಿಂತ ಮೊದಲ ಯಾರಾರ ಪ್ಲಾಟ್‌ಫಾರ್ಮ್ ಬಿಟ್ಟು ಹೋಗ್ತಾರೇನು?"